ಮನೆಯ ಕ್ಯಾಸೆಟ್ಟಿಗೂ "ಕಾಪಿ ಪ್ರೊಟೆಕ್ಟೆಡ್" ಎನ್ನುವ ರೆಕಾರ್ಡರ್: ದೂರದರ್ಶನದ ಹಳೇ ರೆಕಾರ್ಡಿಂಗ್‌ಗಳನ್ನು ಡಿವಿಡಿಗೆ ಇಳಿಸಿದ ಕೆಲಸ

ದೂರದರ್ಶನದಲ್ಲಿ ಬಂದಿದ್ದನ್ನು ಅಪ್ಪಯ್ಯ ನಮ್ಮನೆ ವಿಸಿಆರ್‌ನಲ್ಲೇ ರೆಕಾರ್ಡ್ ಮಾಡಿಟ್ಟಿದ್ದು. ಆಂಟೆನಾ, ಖಾಲಿ ಕ್ಯಾಸೆಟ್, ಕೆಂಪು ಗುಂಡಿ, ಅಷ್ಟೇ. ಅದಕ್ಕೆ ಯಾರೂ ಬೀಗ ಹಾಕಿಲ್ಲ. ಆದರೂ ಅದೇ ಕ್ಯಾಸೆಟ್ಟನ್ನು ಡಿವಿಡಿ ರೆಕಾರ್ಡರ್‌ಗೆ ಕೊಟ್ಟರೆ ಸ್ವಲ್ಪ ಹೊತ್ತು ಓಡಿ ನಿಂತುಬಿಡುತ್ತಿತ್ತು. ಇದು ಕಾಪಿ ಪ್ರೊಟೆಕ್ಟೆಡ್, ರೆಕಾರ್ಡ್ ಆಗುವುದಿಲ್ಲ ಅಂತ ಪರದೆ ಮೇಲೆ ಒಂದು ಸಾಲು. ಮತ್ತೆ ಶುರು ಮಾಡಿದರೆ ಮತ್ತೆ ಓಡುತ್ತಿತ್ತು, ಇನ್ನೆಲ್ಲೋ ನಿಲ್ಲುತ್ತಿತ್ತು. ಈ ತೊಂದರೆ ಎದುರಾದವರು ಸಾಮಾನ್ಯವಾಗಿ ಮೊದಲು ಹುಡುಕುವುದು "ಪ್ರೊಟೆಕ್ಷನ್ ತೆಗೆಯುವ ಡಬ್ಬಿ". ಮನೆ ರೆಕಾರ್ಡಿಂಗ್‌ಗೆ ಅದು ಬೇಕಿಲ್ಲ. ಇಲ್ಲಿ ತೆಗೆಯಬೇಕಾದ ಪ್ರೊಟೆಕ್ಷನ್ನೇ ಇಲ್ಲ, ಹದಗೆಟ್ಟಿರುವುದು ಸಿಗ್ನಲ್. ಅದನ್ನು ಸರಿಮಾಡಿದರೆ ಆ ಸಾಲು ತಾನಾಗೇ ಹೋಗುತ್ತದೆ.

ವಿವರವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಕಾಲ ಕಡಿಮೆ ಇದೆ. ಕೊನೆವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ಅದನ್ನು ನಿಲ್ಲಿಸಿತು. ಈಗ ಉಳಿದಿರುವುದು ಅಟ್ಟದ ಮೇಲಿರುವ ಯಂತ್ರಗಳು ಮತ್ತು ಅವುಗಳ ಒಳಗೆ ಗಟ್ಟಿಯಾಗುತ್ತಿರುವ ರಬ್ಬರ್ ಬೆಲ್ಟ್‌ಗಳು ಮಾತ್ರ.

ನಮ್ಮದು ಸಾಗರದ ಕಡೆಯ ಹಳ್ಳಿ. ಕ್ಯಾಸೆಟ್‌ಗಳು 1980ರ ದಶಕದ ಕೊನೆ ಮತ್ತು 90ರ ದಶಕದ ಮೊದಲ ವರ್ಷಗಳವು. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಶುರುವಾದರೂ ಘಟ್ಟದ ಸೀಮೆಯ ನಮ್ಮಂಥ ಊರಿಗೆ ಚಿತ್ರ ಸ್ಪಷ್ಟವಾಗಿ ಸಿಗಲು ತುಂಬಾ ವರ್ಷ ಹಿಡಿಯಿತು. ಆದರೂ ಅಪ್ಪಯ್ಯ ಬಿಡುತ್ತಿರಲಿಲ್ಲ. ಯಕ್ಷಗಾನ ಬಂದರೆ ರೆಕಾರ್ಡ್, ಸುಗಮ ಸಂಗೀತ ಬಂದರೆ ರೆಕಾರ್ಡ್. ಅಡಿಕೆ ಕೊಳೆ ರೋಗದ ಬಗ್ಗೆ ಯಾರಾದರೂ ಮಾತಾಡಿದರೆ ಅದೂ ರೆಕಾರ್ಡ್. ಒಂದು ಕ್ಯಾಸೆಟ್‌ನಲ್ಲಿ ನನ್ನ ಸೋದರತ್ತೆ ಕಾಲೇಜು ಹುಡುಗಿಯಾಗಿ ಸಮೂಹ ಗಾನದ ಎರಡನೇ ಸಾಲಿನಲ್ಲಿ ನಿಂತು ಹಾಡುವುದಿದೆ. ಅವರ ಆ ವಯಸ್ಸಿನ ಚಲಿಸುವ ಚಿತ್ರ ನಮ್ಮ ಕುಟುಂಬದಲ್ಲಿ ಬೇರೆಲ್ಲೂ ಇಲ್ಲ. ಕಾರ್ಯಕ್ರಮದ ನಡುವೆ ಬರುವ ಜಾಹೀರಾತು, ಉದ್ಘೋಷಕಿಯ ಮಾತು, "ಅಡಚಣೆಗಾಗಿ ಕ್ಷಮಿಸಿ" ಫಲಕ, ಇವೆಲ್ಲ ನನಗೆ ಕಾರ್ಯಕ್ರಮದಷ್ಟೇ ಮುಖ್ಯ. ಒಂದನ್ನೂ ಕತ್ತರಿಸಿಲ್ಲ.

ಡಿವಿಡಿನೇ ಯಾಕೆ, ಪೆನ್‌ಡ್ರೈವ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಅತ್ತೆಯ ಮನೆಯಲ್ಲಿ ಡಿವಿಡಿ ಪ್ಲೇಯರ್ ಇದೆ, ಅದರ ರಿಮೋಟ್ ಅವರಿಗೆ ಕೈಗೆ ಕೂತಿದೆ. ಡಿಸ್ಕ್ ಹಾಕಿದರೆ ಚಿತ್ರ ಬರುತ್ತದೆ. ಫೈಲು ಬೇಕಾದವರಿಗೆ ಫೈಲು ಬೇರೆ ಇಟ್ಟಿದ್ದೇನೆ.

ಈಗ ಆ ಪ್ರೊಟೆಕ್ಷನ್ ಅಂದರೇನು ನೋಡೋಣ, ಅದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಸೋನಿಯ ಬೀಟಾಮ್ಯಾಕ್ಸ್ ಪ್ರಕರಣದಲ್ಲಿ, ಟಿವಿ ಕಾರ್ಯಕ್ರಮವನ್ನು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡುವುದು ತಪ್ಪಲ್ಲ ಎಂದಿತು. ಅದರ ಮರುವರ್ಷವೇ, 1985ರಲ್ಲಿ, ಅಂಗಡಿಯಲ್ಲಿ ಮಾರುವ ಸಿನಿಮಾ ಕ್ಯಾಸೆಟ್‌ಗಳಲ್ಲಿ ಮ್ಯಾಕ್ರೋವಿಷನ್ ಎಂಬ ತಂತ್ರ ಕಾಣಿಸಿಕೊಂಡಿತು. ಅದು ಕೆಲಸ ಮಾಡುವುದು ನಮಗೆ ಕಾಣದ ಜಾಗದಲ್ಲಿ. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ ಒಂದು ಫ್ರೇಮಿಗೆ, ಅಂದರೆ ಒಂದು ಪೂರ್ಣ ಚಿತ್ರಕ್ಕೆ, 625 ಗೆರೆ. ಚಿತ್ರವಾಗಿ ಕಾಣುವುದು 576 ಮಾತ್ರ. ಉಳಿದ ಗೆರೆಗಳ ಹೊತ್ತಿನಲ್ಲಿ ಟಿವಿಯ ಕಿರಣ ಕೆಳಗಿನಿಂದ ಮೇಲಕ್ಕೆ ವಾಪಸ್ ಹೋಗುತ್ತಿರುತ್ತದೆ.

ಸಿಗ್ನಲ್‌ನಲ್ಲಿ ಪ್ರತಿ ಗೆರೆಯ ಮೊದಲು, ಗೆರೆ ಇಲ್ಲಿಂದ ಶುರು ಅಂತ ತಿಳಿಸುವ ಒಂದು ಸಿಂಕ್ ಪಲ್ಸ್ ಇರುತ್ತದೆ, ಆಳ ಸುಮಾರು 0.3 ವೋಲ್ಟ್. ರೆಕಾರ್ಡ್ ಮಾಡುವ ವಿಸಿಆರ್ ಈ ಆಳವನ್ನು ಅಳೆದು, ಬರುತ್ತಿರುವ ಸಿಗ್ನಲ್ ಜೋರಿದೆಯೋ ಮೆತ್ತಗಿದೆಯೋ ಅಂತ ತಿಳಿದು, ಅದಕ್ಕೆ ತಕ್ಕಂತೆ ತಾನೇ ಏರಿಸಿ ಇಳಿಸಿ ಮಾಡಿಕೊಳ್ಳುತ್ತದೆ. ಮ್ಯಾಕ್ರೋವಿಷನ್ ಆ ಕಾಣದ ಗೆರೆಗಳಲ್ಲಿ ಸುಳ್ಳು ಸಿಂಕ್ ಪಲ್ಸ್‌ಗಳನ್ನೂ ಅವುಗಳ ಬೆನ್ನಿಗೇ ತುಂಬಾ ಪ್ರಖರವಾದ ಬಿಳಿ ಪಲ್ಸ್‌ಗಳನ್ನೂ ತುರುಕುತ್ತದೆ. ವಿಸಿಆರ್ ಸಿಗ್ನಲ್ ವಿಪರೀತ ಜೋರಿದೆ ಎಂದುಕೊಂಡು ತಗ್ಗಿಸುತ್ತದೆ. ಬಿಳಿ ಪಲ್ಸ್ ಏರಿಳಿದಂತೆಲ್ಲ ಕಾಪಿ ಮಾಡಿದ ಚಿತ್ರ ಕಪ್ಪಾಗುವುದು, ಬೆಳಗುವುದು, ಅಲುಗಾಡುವುದು ನಡೆಯುತ್ತದೆ. ಟಿವಿಯಲ್ಲಿ ನೇರ ನೋಡುವವರಿಗೆ ಏನೂ ಆಗುವುದಿಲ್ಲ. ಆಮೇಲೆ ಬಂದ ಡಿವಿಡಿ ರೆಕಾರ್ಡರ್ ಮತ್ತು ಕಂಪ್ಯೂಟರ್‌ಗೆ ವಿಡಿಯೋ ಇಳಿಸುವ ಕ್ಯಾಪ್ಚರ್ ಕಾರ್ಡ್‌ಗಳು ಈ ಪಲ್ಸ್‌ಗಳನ್ನು ಗುರುತಿಸುವುದನ್ನೇ ಕಲಿತವು. ಕಂಡ ತಕ್ಷಣ ರೆಕಾರ್ಡಿಂಗ್ ನಿಲ್ಲಿಸುವುದು ಅವುಗಳ ಕೆಲಸ.

ಆದರೆ ಅವು ನೋಡುವುದು ಪಲ್ಸ್‌ಗಳ ಆಕಾರವನ್ನು ಮಾತ್ರ. ಕ್ಯಾಸೆಟ್ ಅಂಗಡಿಯದೋ ಮನೆಯದೋ ಅವಕ್ಕೆ ಗೊತ್ತಾಗುವುದಿಲ್ಲ. ಆ ಕಾಣದ ಗೆರೆಗಳಲ್ಲಿ ಏನಾದರೂ ಕಸ ಬಿದ್ದು ಅದು ಸುಳ್ಳು ಸಿಂಕ್‌ನ ಹಾಗೆ ಕಂಡರೆ ಸಾಕು, ಕೈ ಎತ್ತಿಬಿಡುತ್ತವೆ. ನಮ್ಮಂಥ ಊರಿನ ರೆಕಾರ್ಡಿಂಗ್‌ನಲ್ಲಿ ಕಸಕ್ಕೆ ಬರವಿಲ್ಲ. ದೂರದ ಟ್ರಾನ್ಸ್‌ಮಿಟರ್, ಉದ್ದದ ಕಂಬಕ್ಕೆ ಕಟ್ಟಿದ ಆಂಟೆನಾ, ಬೂಸ್ಟರ್, ಮಳೆ. ಹಾಗಾಗಿ ಕಾಳು ಕಾಳು ಚಿತ್ರದ ಜೊತೆಗೆ ಸಿಂಕ್ ಕೂಡ ಮೆತ್ತಗೇ ರೆಕಾರ್ಡ್ ಆಗಿದೆ. ಕರೆಂಟ್ ಹೋಗಿ ಬಂದ ಕಡೆಯೆಲ್ಲ ರೆಕಾರ್ಡಿಂಗ್ ತುಂಡಾಗಿದೆ, ಆ ತುಂಡಿನ ಜಾಗದಲ್ಲಿ ಕೆಲವು ಕ್ಷಣ ಸಿಂಕ್ ಅನ್ನುವುದೇ ಇಲ್ಲ. ಅದರ ಮೇಲೆ ಟೇಪಿನ ಲೇಪ ಉದುರಿದ ಚುಕ್ಕೆಗಳು, ಬೂಷ್ಟು, ಸುಕ್ಕು. ಇನ್ನೊಂದು ವಿಷಯ ಇದೆ. ನಮ್ಮ ಕ್ಯಾಸೆಟ್‌ಗಳು ವಿಎಚ್‌ಎಸ್ ಎಂಬ ಮಾದರಿಯವು. ಅಂಥ ವಿಸಿಆರ್‌ನಲ್ಲಿ ತಿರುಗುವ ಡ್ರಮ್ಮಿನ ಮೇಲಿರುವ ಎರಡು ಹೆಡ್‌ಗಳು ಟೇಪನ್ನು ಸರದಿಯಲ್ಲಿ ಓದುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವುದು ಆ ಕಾಣದ ಭಾಗ ಶುರುವಾಗಲು ಕೆಲವೇ ಗೆರೆ ಇರುವಾಗ. ಟೇಪಿನ ಬಿಗಿತ ಸ್ವಲ್ಪ ತಪ್ಪಿದ್ದರೂ ಅಲ್ಲೊಂದು ಜಿಗಿತ ಬರುತ್ತದೆ, ಸಿಂಕ್ ಹುಡುಕುತ್ತಿರುವ ಚಿಪ್‌ಗೆ ಸರಿಯಾಗಿ ಅದೇ ಜಾಗದಲ್ಲಿ ಗೊಂದಲ.

ನಮ್ಮ ಕ್ಯಾಸೆಟ್‌ನಲ್ಲಿ ನಿಜಕ್ಕೂ ಪ್ರೊಟೆಕ್ಷನ್ ಇಲ್ಲ ಅನ್ನುವುದನ್ನು ಕಣ್ಣಾರೆ ನೋಡಬಹುದು. ಹಳೇ ಡಬ್ಬಾ ಟಿವಿ, ಹಿಂದೆ ವರ್ಟಿಕಲ್ ಹೋಲ್ಡ್ ಅಂತ ತಿರುಗುಣಿ ಇರುವಂಥದ್ದು ಸಿಕ್ಕರೆ ಸಾಕು. ಕ್ಯಾಸೆಟ್ ಹಾಕಿ ಆ ತಿರುಗುಣಿಯನ್ನು ಮೆಲ್ಲಗೆ ತಿರುಗಿಸಿದರೆ ಚಿತ್ರ ಉರುಳುತ್ತದೆ, ಎರಡು ಚಿತ್ರದ ನಡುವೆ ದಪ್ಪ ಕಪ್ಪು ಪಟ್ಟಿ ಕಾಣುತ್ತದೆ. ಕಾಣದ ಗೆರೆಗಳು ಅಂದೆನಲ್ಲ, ಅವೇ ಅವು. ಬ್ರೈಟ್‌ನೆಸ್ ಜಾಸ್ತಿ ಮಾಡಿ ನೋಡಬೇಕು. ಮ್ಯಾಕ್ರೋವಿಷನ್ ಇರುವ ಸಿನಿಮಾ ಕ್ಯಾಸೆಟ್ಟಾದರೆ ಆ ಪಟ್ಟಿಯಲ್ಲಿ ಬಿಳಿ ಚೌಕಗಳ ಸಾಲು ಬೆಳಗುತ್ತಾ ಮಂಕಾಗುತ್ತಾ ಇರುತ್ತದೆ. ಅಪ್ಪಯ್ಯನ ಕ್ಯಾಸೆಟ್‌ಗಳಲ್ಲಿ ಕಂಡಿದ್ದು ಬರೀ ಕಪ್ಪು ಪಟ್ಟಿ ಮತ್ತು ಅದರ ಮೇಲೆ ಚದುರಿದ ಚುಕ್ಕೆ. ಚೌಕ ಒಂದೂ ಇಲ್ಲ. ಇದನ್ನು ನೋಡಿದ ಮೇಲೆ ಯಾವ ದಿಕ್ಕಿನಲ್ಲಿ ಕೆಲಸ ಮಾಡಬೇಕು ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಕಾನೂನಿನ ಮಾತೂ ಒಂದಿಷ್ಟು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದಕ್ಕೆ 2012ರ ತಿದ್ದುಪಡಿಯಲ್ಲಿ 65ಎ ಎಂಬ ಕಲಂ ಸೇರಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ರಕ್ಷಣೆಯನ್ನು ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಎಂದು ಅದು ಹೇಳುತ್ತದೆ. ಉದ್ದೇಶ ಅನ್ನುವ ಮಾತು ಅಲ್ಲಿ ಮುಖ್ಯ. ಅದೇ ಕಾಯ್ದೆಯ 52ನೇ ಕಲಂ ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯವಾದ ಅವಕಾಶ ಕೊಡುತ್ತದೆ. ನಾನು ಮಾಡಿದ್ದು ಮನೆಯವರು ನೋಡಲಿಕ್ಕೆ, ಮಾರಲಿಕ್ಕೋ ಎಲ್ಲರಿಗೂ ಹಂಚಲಿಕ್ಕೋ ಅಲ್ಲ. ಪೆಟ್ಟಿಗೆಯಲ್ಲಿ ಕೊಂಡು ತಂದ ಸಿನಿಮಾ ಕ್ಯಾಸೆಟ್‌ಗಳೂ ಇದ್ದವು. ಅವುಗಳನ್ನು ಮುಟ್ಟಲಿಲ್ಲ. ಅವುಗಳ ಕಥೆ ಬೇರೆ.

ಮೊದಲ ಕೆಲಸ ಬೂಷ್ಟಿನದು. ಮಲೆನಾಡಿನಲ್ಲಿ ಕ್ಯಾಸೆಟ್ ಇಟ್ಟವರಿಗೆಲ್ಲ ಇದು ಗೊತ್ತು. ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯಿಂದ ನೋಡಿದರೆ ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ, ಜೇಡರ ಬಲೆಯಂಥ ಎಳೆ. ಅಂಥ ಕ್ಯಾಸೆಟ್ಟನ್ನು ಹಾಗೇ ವಿಸಿಆರ್‌ಗೆ ಹಾಕಬಾರದು. ಹೆಡ್ ಹಾಳಾಗುತ್ತದೆ, ಆಮೇಲೆ ಹಾಕುವ ಒಳ್ಳೇ ಕ್ಯಾಸೆಟ್‌ಗೂ ಬೂಷ್ಟು ಹತ್ತುತ್ತದೆ. ಮೊದಲು ಒಣಗಿಸಬೇಕು. ಗಾಳಿಯಾಡದ ಡಬ್ಬಿಯಲ್ಲಿ ಸಾಕಷ್ಟು ಸಿಲಿಕಾ ಜೆಲ್ ಹಾಕಿ ಅದರೊಳಗೆ ಕ್ಯಾಸೆಟ್ ಇಟ್ಟುಬಿಡುವುದು. ಬಿಸಿಲಿಗೆ ಇಡಬಾರದು, ಟೇಪು ಸೊಟ್ಟಗಾಗುತ್ತದೆ. ಒದ್ದೆ ಇರುವ ಬೂಷ್ಟು ಒರೆಸಿದರೆ ಮೆತ್ತಿಕೊಳ್ಳುತ್ತದೆ, ಒಣಗಿದ್ದು ಪುಡಿಯಾಗಿ ಉದುರುತ್ತದೆ. ಈ ಕೆಲಸವನ್ನೆಲ್ಲ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸುವುದು ಒಳ್ಳೆಯದು. ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತಿರುತ್ತದೆ. ಎಷ್ಟೋ ವಿಸಿಆರ್‌ಗಳಲ್ಲಿ ತೇವ ಕಂಡುಹಿಡಿಯುವ ಸೆನ್ಸರ್ ಇರುತ್ತದೆ, ತೇವ ಇದ್ದರೆ ಅದು ಕ್ಯಾಸೆಟ್ ಓಡಿಸುವುದೇ ಇಲ್ಲ.

ಒಣಗಿದ ಮೇಲೆ ಜಗಲಿಯಲ್ಲಿ ಕೂತು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಹಳೇ ಕ್ಯಾಸೆಟ್ ರಿವೈಂಡರ್ ಒಂದರ ಮುಚ್ಚಳ ತೆಗೆದು, ಟೇಪು ಹಾದುಹೋಗುವ ಜಾಗದಲ್ಲಿ ಎಳೆ ಬಿಡದ ಮೆತ್ತನೆ ಬಟ್ಟೆಯ ಎರಡು ತುಂಡನ್ನು ಟೇಪಿನ ಎರಡೂ ಬದಿ ತಾಗುವಂತೆ ಸಿಕ್ಕಿಸಿ ಓಡಿಸಿದೆ. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಬಟ್ಟೆ ಬದಲಿಸುತ್ತಾ ಇರಬೇಕು. ಜಿಡ್ಡು ಇದ್ದ ಕಡೆ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ಹಚ್ಚಿಕೊಂಡೆ. 99 ಪರ್ಸೆಂಟಿನದೇ ಬೇಕು, ನೀರು ಬೆರೆತಿದ್ದು ಬೇಡ. ಕ್ಯಾಸೆಟ್ಟಿನ ಪ್ಲಾಸ್ಟಿಕ್ ಚಿಪ್ಪಿನ ಒಳಗೇ ಬೂಷ್ಟು ಹಿಡಿದಿದ್ದರೆ ತಳದ ಐದು ಸ್ಕ್ರೂ ಬಿಚ್ಚಿ ಎರಡೂ ರೀಲನ್ನು ಎತ್ತಿ ಹೊಸ ಖಾಲಿ ಚಿಪ್ಪಿಗೆ ಕೂರಿಸುವುದೇ ಸುಲಭ. ಬಿಚ್ಚುವ ಮೊದಲು ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಟೇಪು ಯಾವ ಗೂಟದ ಒಳಗಿಂದ, ಯಾವುದರ ಹೊರಗಿಂದ ಬರುತ್ತದೆ ಅನ್ನುವುದು ಫೋಟೋ ಇದ್ದರೆ ತಕರಾರಿಲ್ಲದೆ ಗೊತ್ತಾಗುತ್ತದೆ. ತುಂಡಾದ ಕಡೆ ಮನೆಯ ಸೆಲ್ಲೋಟೇಪ್ ಮಾತ್ರ ಬೇಡ. ಅದರ ಅಂಟು ಹರಿದು ಹೆಡ್ಡಿಗೆ ಮೆತ್ತುತ್ತದೆ. ವಿಡಿಯೋ ಟೇಪಿಗೆ ಅಂತಲೇ ಇರುವ ಸ್ಪ್ಲೈಸಿಂಗ್ ಟೇಪ್ ಬಳಸಬೇಕು, ಅದನ್ನೂ ಟೇಪಿನ ಹೆಡ್ ತಾಗದ ಬದಿಗೆ ಹಚ್ಚಬೇಕು.

ವಿಸಿಆರ್ ವಿಷಯದಲ್ಲಿ ಒಂದು ಮಾತು ತುಂಬಾ ಜನರಿಗೆ ಗೊತ್ತಿಲ್ಲ. ಕ್ಯಾಸೆಟ್ ಯಾವ ಯಂತ್ರದಲ್ಲಿ ರೆಕಾರ್ಡ್ ಆಗಿದೆಯೋ ಅದೇ ಯಂತ್ರ ಬದುಕಿದ್ದರೆ ಅದರಲ್ಲೇ ಮೊದಲು ಹಾಕಿ ನೋಡಬೇಕು. ಪ್ರತಿ ಯಂತ್ರದ ಹೆಡ್ಡು ಮತ್ತು ಗೈಡುಗಳ ಹೊಂದಾಣಿಕೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಹೊಂದಾಣಿಕೆ ತಪ್ಪಿದ ಯಂತ್ರದಲ್ಲಿ ರೆಕಾರ್ಡ್ ಆದದ್ದು ಅದೇ ಯಂತ್ರದಲ್ಲಿ ಚೆನ್ನಾಗಿ ಓಡುತ್ತದೆ, ಬೇರೆ ಕಡೆ ಒದ್ದಾಡುತ್ತದೆ. ಅಪ್ಪಯ್ಯನ ವಿಸಿಆರ್ ಅಟ್ಟದ ಮೇಲೇ ಇತ್ತು. ಅದನ್ನು ಸಾಗರದ ಹಳೇ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಹಿರಿಯರು ಮುಚ್ಚಳ ತೆಗೆದು, ಡ್ರಮ್ಮನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ, "ಹೆಡ್ಡು ಚೆನ್ನಾಗೇ ಇದೆ ಮಾರಾಯ, ಮೊದಲು ಪವರ್ ಸಪ್ಲೈ ನೋಡನ. ಕೆಪಾಸಿಟರ್ ಒಣಗಿರ್ತದೆ" ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಊದಿಕೊಂಡ ಕೆಪಾಸಿಟರ್‌ಗಳನ್ನು ಬದಲಿಸಿದ ಮೇಲೆ ಚಿತ್ರದಲ್ಲಿ ಮೇಲೆ ಕೆಳಗೆ ಓಡುತ್ತಿದ್ದ ಮಬ್ಬು ಪಟ್ಟಿ ಹೋಯಿತು. ಬೆಲ್ಟ್ ಹೊಸದು ಹಾಕಿದರು. ಟೇಪನ್ನು ಹಿಂದಕ್ಕೆ ಹಿಡಿದಿಡುವ ಬ್ಯಾಂಡಿನ ಬಿಗಿತವನ್ನೂ ಸರಿಮಾಡಿದರು. ಚಿತ್ರದ ಮೇಲ್ಭಾಗ ಬಾವುಟದ ಹಾಗೆ ಒಂದು ಕಡೆ ಬಾಗುವುದು ಸಾಮಾನ್ಯವಾಗಿ ಆ ಬಿಗಿತ ತಪ್ಪಿದಾಗಲೇ.

ಹೆಡ್ ಕ್ಲೀನ್ ಮಾಡುವುದನ್ನು ಅವರೇ ತೋರಿಸಿಕೊಟ್ಟರು. ನುಣುಪಾದ ಬಿಳಿ ಕಾಗದದ ಪಟ್ಟಿಯನ್ನು ಆಲ್ಕೋಹಾಲ್‌ನಲ್ಲಿ ನೆನೆಸಿ ಡ್ರಮ್ಮಿಗೆ ಮೆತ್ತಗೆ ಒತ್ತಿ ಹಿಡಿಯುವುದು, ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ತಿರುಗಿಸುವುದು. ಕಾಗದ ಅಲುಗಾಡಬಾರದು, ಡ್ರಮ್ ಮಾತ್ರ ತಿರುಗಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿದೇ ಹೋಗುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಡ್ರಮ್ ಹತ್ತಿರ ತರಲೇಬೇಡಿ, ಎಳೆ ಸಿಕ್ಕಿಕೊಳ್ಳುತ್ತದೆ. ಡ್ರಮ್ ದಾಟಿದ ಮೇಲೆ ಬರುವ ಆಡಿಯೋ ಮತ್ತು ಕಂಟ್ರೋಲ್ ಹೆಡ್ಡಿಗೆ ಹತ್ತಿ ನಡೆಯುತ್ತದೆ. ಟೇಪಿನ ಕೆಳಗಿನ ಅಂಚಿನಲ್ಲಿರುವ, ಹೆಡ್‌ಗಳು ಸರಿಯಾದ ಜಾಗದಲ್ಲಿ ಓದುವಂತೆ ಮಾಡುವ ಗುರುತುಗಳ ಕಂಟ್ರೋಲ್ ಟ್ರ್ಯಾಕನ್ನು ಓದುವುದು ಅದೇ. ಅಲ್ಲಿ ಕೊಳೆ ಕೂತರೆ ಟ್ರ್ಯಾಕಿಂಗ್ ತಿರುಗುಣಿಯನ್ನು ಎಷ್ಟು ತಿರುಗಿಸಿದರೂ ಚಿತ್ರ ನಿಲ್ಲುವುದಿಲ್ಲ.

ಇಷ್ಟಾದ ಮೇಲೆ ಡಿವಿಡಿ ರೆಕಾರ್ಡರ್ ನಿಲ್ಲುವುದು ತುಂಬಾ ಕಡಿಮೆಯಾಯಿತು. ಇದನ್ನು ಒತ್ತಿ ಹೇಳುತ್ತೇನೆ. ಬೇರೆ ಯಾವ ಡಬ್ಬಿಯನ್ನೂ ಸೇರಿಸದೆ, ಬರೀ ಶುಚಿ ಮತ್ತು ರಿಪೇರಿಯಿಂದಲೇ, ಚೆನ್ನಾಗಿ ರೆಕಾರ್ಡ್ ಆಗಿದ್ದ ಕ್ಯಾಸೆಟ್‌ಗಳು ಮೊದಲಿಂದ ಕೊನೆತನಕ ನಿಲ್ಲದೆ ಇಳಿದವು. ಉಳಿದದ್ದು ಕಾಳು ಕಾಳು ಚಿತ್ರದವು, ಕರೆಂಟ್ ಹೋಗಿ ತುಂಡು ತುಂಡಾದವು. ಅತ್ತೆಯ ಹಾಡು ಇರುವುದೂ ಅಂಥದ್ದರಲ್ಲೇ.

ಅಂಥವಕ್ಕೆ ಬೇಕಾದದ್ದು ಟೈಮ್ ಬೇಸ್ ಕರೆಕ್ಟರ್, ಟಿಬಿಸಿ. ಪಾಲ್‌ನಲ್ಲಿ ಒಂದು ಗೆರೆಗೆ ಸರಿಯಾಗಿ 64 ಮೈಕ್ರೋಸೆಕೆಂಡ್. ಹಿಗ್ಗಿ ಕುಗ್ಗಿದ ಹಳೇ ಟೇಪಿನಿಂದ ಬರುವ ಗೆರೆಗಳಲ್ಲಿ ಒಂದು ತುಸು ಬೇಗ, ಇನ್ನೊಂದು ತುಸು ತಡ. ಟಿಬಿಸಿ ಅವನ್ನು ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು ಸಮ ಅಂತರದಲ್ಲಿ ಹೊರಗೆ ಬಿಡುತ್ತದೆ. ಮುಂದೆ ಹಿಂದೆ ಬಂದ ನೆಂಟರನ್ನೆಲ್ಲ ಕೂರಿಸಿಕೊಂಡು ಒಂದೇ ಪಂಕ್ತಿಯಲ್ಲಿ ಬಡಿಸಿದ ಹಾಗೆ. ಇದರಲ್ಲಿ ಎರಡು ಬಗೆ ಇದೆ, ವ್ಯತ್ಯಾಸ ತಿಳಿದಿರಬೇಕು. ವಿಎಚ್‌ಎಸ್‌ನ ಮೇಲ್ದರ್ಜೆಯ ಕೆಲವು ಎಸ್-ವಿಎಚ್‌ಎಸ್ ವಿಸಿಆರ್‌ಗಳ ಒಳಗೇ ಇರುವುದು ಗೆರೆಗಳನ್ನು ಸರಿಮಾಡುವ ಟಿಬಿಸಿ. ಅದರಿಂದ ಸೊಟ್ಟ ಅಂಚು ನೇರವಾಗುತ್ತದೆ, ಬಾವುಟದಂತೆ ಬಾಗಿದ್ದು ಎಷ್ಟೋ ಸರಿಹೋಗುತ್ತದೆ. ಇನ್ನೊಂದು ಇಡೀ ಫ್ರೇಮನ್ನೇ ಹಿಡಿದಿಟ್ಟು, ಹಳೇ ಸಿಂಕನ್ನು ಪೂರ್ತಿ ಬಿಟ್ಟು, ತನ್ನದೇ ಹೊಸ ಸಿಂಕ್ ಹಾಕಿ ಕಳಿಸುವಂಥದ್ದು. ರೆಕಾರ್ಡರ್‌ನ ತಪ್ಪು ತಿಳುವಳಿಕೆ ತಪ್ಪಿಸುವುದು ಈ ಎರಡನೆಯದು. ಯಾಕೆಂದರೆ ಕಸ ಇದ್ದ ಆ ಕಾಣದ ಗೆರೆಗಳ ಜಾಗಕ್ಕೆ ಹೊಸದಾಗಿ, ಶುದ್ಧವಾಗಿ ತಯಾರಾದ ಗೆರೆಗಳು ಬರುತ್ತವೆ.

ಬರೀ ಟಿಬಿಸಿ ಅಂತ ಮಾರುವ ಪೆಟ್ಟಿಗೆಗಳು ಈಗ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ನಮ್ಮ ದೇಶದಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಇದೆ. ಮದುವೆ ವಿಡಿಯೋ ಮಾಡುವ ಸ್ಟುಡಿಯೋಗಳು! ಆ ಕಾಲದಲ್ಲಿ ಅವರೆಲ್ಲ ಎರಡು ವಿಸಿಆರ್ ಜೋಡಿಸಿ ನಡುವೆ ಡಿಜಿಟಲ್ ಮಿಕ್ಸರ್ ಇಟ್ಟುಕೊಂಡೇ ಎಡಿಟ್ ಮಾಡುತ್ತಿದ್ದುದು. ವಧೂವರರ ಮುಖ ಹೃದಯದ ಆಕಾರದಲ್ಲಿ ಮೂಡುತ್ತಿತ್ತಲ್ಲ, ಅದನ್ನು ಮಾಡುತ್ತಿದ್ದ ಪೆಟ್ಟಿಗೆ ಅದೇ. ಪ್ಯಾನಾಸೋನಿಕ್‌ನ ಎಂಎಕ್ಸ್ ಸರಣಿಯದು ತುಂಬಾ ಕಡೆ ಇತ್ತು. ಎರಡು ಬೇರೆ ಬೇರೆ ಮೂಲದ ಚಿತ್ರವನ್ನು ಬೆರೆಸಬೇಕಾದರೆ ಎರಡರ ಸಿಂಕೂ ಒಂದೇ ಆಗಿರಲೇಬೇಕು. ಹಾಗಾಗಿ ಅಂಥ ಮಿಕ್ಸರ್ ಒಳಗೆ ಫ್ರೇಮ್ ಸಿಂಕ್ರೊನೈಸರ್ ಇರುತ್ತದೆ. ಅಂದರೆ ನಮಗೆ ಬೇಕಾದ್ದೇ! ಈಗ ಆ ಮಿಕ್ಸರ್‌ಗಳನ್ನು ಕೇಳುವವರಿಲ್ಲ. ಪರಿಚಯದ ಫೋಟೋ ಸ್ಟುಡಿಯೋದವರು ಗೋದಾಮಿನ ಮೂಲೆಯಿಂದ ತೆಗೆದು, ಧೂಳು ಒರೆಸಿ, ಬಹಳ ಕಡಿಮೆ ದುಡ್ಡಿಗೆ ಕೊಟ್ಟರು. ಕೊಳ್ಳುವ ಮುಂಚೆ ಅದು ಪಾಲ್ ಮಾದರಿಯೇ ಅಂತ ಹಿಂಬದಿಯ ಪಟ್ಟಿ ನೋಡಿಕೊಳ್ಳಿ.

ಜೋಡಣೆ ಸರಳ. ವಿಸಿಆರ್‌ನ ಹಳದಿ ವಿಡಿಯೋ ಕೇಬಲ್ ಮಿಕ್ಸರ್‌ನ ಎ ಇನ್‌ಪುಟ್‌ಗೆ, ಮಿಕ್ಸರ್‌ನ ಪ್ರೋಗ್ರಾಂ ಔಟ್ ರೆಕಾರ್ಡರ್‌ಗೆ. ಸರಿಸುವ ಹಿಡಿಕೆಯನ್ನು ಪೂರ್ತಿ ಎ ಕಡೆಗೆ ಇಟ್ಟುಬಿಡುವುದು. ಎಫೆಕ್ಟ್ ಎಲ್ಲ ಬಂದ್, ಬಣ್ಣ ತಿದ್ದುವ ತಿರುಗುಣಿ ಸರಿಯಾಗಿ ಮಧ್ಯಕ್ಕೆ. ಧ್ವನಿಯನ್ನು ವಿಸಿಆರ್‌ನಿಂದ ನೇರ ರೆಕಾರ್ಡರ್‌ಗೇ ಕೊಟ್ಟೆ. ಮಿಕ್ಸರ್‌ನಲ್ಲಿ ಚಿತ್ರ ಒಂದು ಫ್ರೇಮಿನಷ್ಟು ತಡವಾಗುತ್ತದೆ, ಅಂದರೆ 40 ಮಿಲಿಸೆಕೆಂಡ್. ತುಟಿ ಮತ್ತು ಮಾತಿನ ನಡುವೆ ಅಷ್ಟು ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ.

ಮಿಕ್ಸರ್ ನಡುವೆ ಬಂದ ಮೇಲೆ ಆ ಕಾಪಿ ಪ್ರೊಟೆಕ್ಟೆಡ್ ಸಾಲು ಮತ್ತೆ ಕಾಣಿಸಲೇ ಇಲ್ಲ. ಕರೆಂಟ್ ಹೋಗಿ ತುಂಡಾದ ಜಾಗದಲ್ಲಿ ಚಿತ್ರ ಅರೆಗಳಿಗೆ ಹಾಗೇ ನಿಂತು ಮುಂದೆ ಓಡುತ್ತದೆ, ರೆಕಾರ್ಡರ್‌ಗೆ ಅದರ ಸುದ್ದಿಯೇ ಗೊತ್ತಾಗುವುದಿಲ್ಲ. ಚಿತ್ರ ಒಂಚೂರು ಮೃದುವಾಗುತ್ತದೆ ಅನ್ನುವುದು ನಿಜ. ಆದರೆ ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಇರುವ ವಿವರವೇ ಸುಮಾರು 240 ಗೆರೆಯಷ್ಟು. ನಮ್ಮ ಆಂಟೆನಾದ ಚಿತ್ರದಲ್ಲಿ ಅಷ್ಟೂ ಇರಲಿಲ್ಲ. ಕೊನೆತನಕ ಇಳಿದದ್ದು ಸಾಕು, ಆ ಮೃದುತನ ನನಗೆ ಏನೂ ಅನಿಸಲಿಲ್ಲ.

ಮುಖ್ಯವಾದ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೂ ಇಳಿಸಿದೆ. ಅದೇ ಜೋಡಣೆ, ರೆಕಾರ್ಡರ್ ಬದಲು ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ, ರೆಕಾರ್ಡ್ ಮಾಡಲು ವರ್ಚುವಲ್‌ಡಬ್ ಎಂಬ ತಂತ್ರಾಂಶ, ಫೈಲನ್ನು ಕುಗ್ಗಿಸಲು ಹಫ್‌ವೈಯುವಿ ಎಂಬ ಕೋಡೆಕ್. 720 ಗುಣಿಸು 576, ಸೆಕೆಂಡಿಗೆ 25 ಫ್ರೇಮ್. ಏನನ್ನೂ ಕುಗ್ಗಿಸದೆ ಹಾಗೇ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ ಆಗುತ್ತದೆ, ಹಫ್‌ವೈಯುವಿಯಲ್ಲಿ ಅದರ ಅರ್ಧದ ಆಸುಪಾಸು, ಗುಣಮಟ್ಟ ಒಂಚೂರೂ ಕಳೆಯುವುದಿಲ್ಲ. ಧ್ವನಿಯನ್ನು 48 ಕಿಲೋಹರ್ಟ್ಸ್‌ನಲ್ಲಿ, ಅದೇ ಕಡ್ಡಿಯ ಮೂಲಕವೇ ತೆಗೆದುಕೊಳ್ಳಿ. ಕಂಪ್ಯೂಟರ್‌ನ ಮೈಕ್ ತೂತಿಗೆ ಕೊಟ್ಟರೆ ಎರಡು ಗಡಿಯಾರ ಬೇರೆ ಬೇರೆ ಓಡಿದಂತಾಗಿ, ಗಂಟೆ ಕಳೆಯುವಷ್ಟರಲ್ಲಿ ಭಾಗವತರ ಪದ ಒಂದು ಕಡೆ, ತುಟಿ ಒಂದು ಕಡೆ. ಎಲ್ಲವನ್ನೂ ಯುಪಿಎಸ್‌ಗೆ ಹಾಕಿಕೊಂಡೇ ಕೂರಬೇಕು.

ಇಂಟರ್‌ಲೇಸ್ ತೆಗೆಯಬೇಡಿ. ಟಿವಿ ಚಿತ್ರ ಸೆಕೆಂಡಿಗೆ 50 ಅರ್ಧ ಚಿತ್ರಗಳಾಗಿ ಬಂದದ್ದು, ಇಂಟರ್‌ಲೇಸ್ ಅಂದರೆ ಅದೇ. ಡಿವಿಡಿಗೆ ಅದನ್ನು ಹಾಗೇ ಹಾಕಬಹುದು, ಪ್ಲೇಯರ್ ಮತ್ತು ಟಿವಿ ನೋಡಿಕೊಳ್ಳುತ್ತವೆ. ಯಕ್ಷಗಾನದ ಕುಣಿತದಲ್ಲಿ, ದಿಗಿಣ ಹೊಡೆಯುವಾಗ, ಅರ್ಧ ಚಿತ್ರ ಬಿಟ್ಟುಬಿಟ್ಟರೆ ಆ ಚುರುಕು ಸತ್ತೇ ಹೋಗುತ್ತದೆ. ಮೊಬೈಲಿಗೆ ಬೇಕಾದ ಫೈಲು ಮಾಡುವಾಗ ಮಾತ್ರ 50 ಪೂರ್ಣ ಫ್ರೇಮ್ ಆಗುವಂತೆ ಬಿಡಿಸಿದೆ. ಚಿತ್ರದ ತಳದಲ್ಲಿ ಹೆಡ್ ಬದಲಾಗುವ ಕಡೆ ಹರಿದಂತೆ ಕಾಣುವ ಕೆಲವು ಗೆರೆಗಳ ಮೇಲೆ ಕಪ್ಪು ಪಟ್ಟಿ ಹಾಕಿದೆ.

ಡಿಸ್ಕಿನ ಲೆಕ್ಕ ಹೀಗೆ. 4.7 ಜಿಬಿಯ ಡಿವಿಡಿಯಲ್ಲಿ ಒಂದೂವರೆ ಗಂಟೆ ಹಾಕಿದರೆ ಚಿತ್ರಕ್ಕೆ ಸೆಕೆಂಡಿಗೆ 6 ಮೆಗಾಬಿಟ್‌ಗಿಂತ ಮೇಲೇ ಸಿಗುತ್ತದೆ, ಎರಡು ಗಂಟೆಗೆ 5ರ ಹತ್ತಿರ. ಇ-180 ಕ್ಯಾಸೆಟ್ ಪೂರ್ತಿ ಮೂರು ಗಂಟೆ. ಅದನ್ನು ಒಂದೇ ಡಿಸ್ಕಿಗೆ ತುರುಕಿದರೆ 3.5 ಕೂಡ ಉಳಿಯುವುದಿಲ್ಲ. ಕಾಳು ಚಿತ್ರಕ್ಕೆ ಅದು ಏನೇನೂ ಸಾಲದು, ಕಾಳೆಲ್ಲ ಕುಣಿಯುವ ಚೌಕಗಳಾಗುತ್ತವೆ. ಕ್ಯಾಸೆಟ್ಟಿಗೆ ಎರಡು ಡಿಸ್ಕ್ ಅಂತ ಮಾಡಿದೆ. ಒಂದೇ ಡಿಸ್ಕ್ ಸಾಕು ಅನ್ನುವವರು 352 ಗುಣಿಸು 576 ಅಳತೆ ಬಳಸಿ. ಡಿವಿಡಿ ನಿಯಮದಲ್ಲೇ ಇರುವ ಅಳತೆ ಅದು, ವಿಎಚ್‌ಎಸ್‌ನ ವಿವರಕ್ಕೆ ಸಾಕಾಗುತ್ತದೆ.

ಒಳ್ಳೇ ಹೆಸರಿನ ಡಿವಿಡಿ-ಆರ್ ತಗೊಳ್ಳಿ, ಮತ್ತೆ ಮತ್ತೆ ಬರೆಯುವ ಆರ್‌ಡಬ್ಲ್ಯೂ ಬೇಡ. 16 ಎಕ್ಸ್ ವೇಗದ ಡಿಸ್ಕನ್ನು ಅರ್ಧ ವೇಗದಲ್ಲಿ, 8 ಎಕ್ಸ್‌ನಲ್ಲಿ ಬರೆದೆ, ಬರೆದ ಮೇಲೆ ಪರೀಕ್ಷೆ ಮಾಡಿಸಿದೆ. ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಬಾರದು. ನಮ್ಮ ತೇವಕ್ಕೆ ಅದು ಎದ್ದು ಪ್ಲೇಯರ್ ಒಳಗೇ ಸಿಕ್ಕಿಕೊಳ್ಳುತ್ತದೆ. ಡಿಸ್ಕಿಗೆ ಅಂತಲೇ ಸಿಗುವ ಪೆನ್ನಿನಲ್ಲಿ ನಡುವಿನ ಪಾರದರ್ಶಕ ಭಾಗದಲ್ಲಿ ಸಂಖ್ಯೆ ಬರೆದು, ಏನೇನಿದೆ ಅನ್ನುವುದನ್ನು ಅಪ್ಪಯ್ಯನ ಹಳೇ ಪಟ್ಟಿ ಪುಸ್ತಕದಲ್ಲೇ ಮುಂದುವರಿಸಿದೆ. ಅವರು ಪ್ರತಿ ಕ್ಯಾಸೆಟ್ಟಿಗೂ ಕಾರ್ಯಕ್ರಮದ ಹೆಸರು, ತಾರೀಕು, ಕೌಂಟರ್ ಸಂಖ್ಯೆ ಎಲ್ಲ ಬರೆದಿಟ್ಟಿದ್ದರು. ಆ ಪುಸ್ತಕ ಇಲ್ಲದಿದ್ದರೆ ಅರ್ಧಕ್ಕೆ ಅರ್ಧ ಏನೆಂದೇ ತಿಳಿಯುತ್ತಿರಲಿಲ್ಲ.

ಅತ್ತೆಗೆ ಡಿಸ್ಕ್ ಕೊಟ್ಟಾಗಿದೆ. ಅವರು ಹಾಡನ್ನು ನೋಡಿ, ಪಕ್ಕದಲ್ಲಿ ನಿಂತವರ ಹೆಸರುಗಳನ್ನೆಲ್ಲ ಹೇಳಿದರು, ಅದನ್ನೂ ಪುಸ್ತಕಕ್ಕೆ ಸೇರಿಸಿದೆ. ಒಂದು ಕ್ಯಾಸೆಟ್ ಮಾತ್ರ ಇನ್ನೂ ಬಾಕಿ ಇದೆ. ಅದರ ಟೇಪಿನ ಕೆಳ ಅಂಚು ಮಡಚಿಹೋಗಿ ಕಂಟ್ರೋಲ್ ಟ್ರ್ಯಾಕ್ ಓದಲು ಆಗುತ್ತಿಲ್ಲ. ಇದಕ್ಕೆ ಮಿಕ್ಸರ್‌ನಿಂದ ಪ್ರಯೋಜನವಿಲ್ಲ, ಮೊದಲು ವಿಸಿಆರ್ ಸರಿಯಾಗಿ ಓದಬೇಕು. ರಿಪೇರಿಯ ಹಿರಿಯರ ಹತ್ತಿರ ಬಿಟ್ಟಿದ್ದೇನೆ. ಮಿಕ್ಸರ್ ಮುಂದಿನ ಬೇಸಿಗೆಗೆ ಕುಂದಾಪುರದ ಭಾವನ ಮನೆಗೆ ಹೋಗುತ್ತದೆ. ಅವರಲ್ಲೂ ಒಂದು ಟ್ರಂಕ್ ತುಂಬಾ ಕ್ಯಾಸೆಟ್ ಇವೆ. ಕಡಲ ಕಡೆಯ ಬೂಷ್ಟು ನಮ್ಮದಕ್ಕಿಂತ ಜಾಸ್ತಿ. ಸಿಲಿಕಾ ಜೆಲ್ ಈಗಲೇ ತಂದು ಕ್ಯಾಸೆಟ್‌ಗಳನ್ನು ಡಬ್ಬಿಗೆ ಹಾಕಿಡಲು ಹೇಳಿದ್ದೇನೆ.